ಮೂರನೇ ದಿನದ ನೇರಳೆ

ಜೀರಹಳ್ಳಿ

ಬಂದದ್ದು ಒಂದೇ ಟಿಕೆಟ್ಟು. ಹೋಗಬಹುದಾದವರು ಮನೆಯಲ್ಲಿ ಮೂವರು: ನಾನು, ನನ್ನ ಮಗ, ಸೊಸೆ. ಟಿಕೆಟ್ಟು ಕಳಿಸಿದವಳು ಮೊಮ್ಮಗಳು ರತ್ನ. ತಾಳವಾಡಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಮೈಸೂರಿನಲ್ಲಿ ಕೆಮಿಸ್ಟ್ರಿ ಮುಗಿಸಿ, ನಾಲ್ಕು ವರ್ಷದ ಹಿಂದೆ ಡೆನ್ಮಾರ್ಕ್ ಎಂಬ ದೇಶಕ್ಕೆ ಸ್ಕಾಲರ್‌ಶಿಪ್ಪಿನ ಮೇಲೆ ಹೋದವಳು. ಈಗ ಅವಳ ಡಾಕ್ಟರ್ ಪರೀಕ್ಷೆ ಬಂದಿತ್ತು. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿನ ಡಾಕ್ಟರು. ಅಲ್ಲಿ ಆ ಪರೀಕ್ಷೆ ಬಾಗಿಲು ಹಾಕಿಕೊಂಡು ನಡೆಯುವುದಿಲ್ಲವಂತೆ. ಮನೆಯವರು, ನೆಂಟರು, ಪುರಸೊತ್ತಿದ್ದರೆ ದಾರಿಯಲ್ಲಿ ಹೋಗುವವರೂ ಬಂದು ಕೂತು ನೋಡಬಹುದಂತೆ. ಎಲ್ಲರ ಕಡೆಯಿಂದಲೂ ಜನ ಬಂದಿರುತ್ತಾರೆ, ನನ್ನ ಕಡೆಯಿಂದ ಒಬ್ಬರಾದರೂ ಇರಲಿ ಎಂದು ಕಾಗದದಲ್ಲಿ ಬರೆದಿದ್ದಳು.

ಗೆದ್ದರೆ ಡಾಕ್ಟರು. ಪರೀಕ್ಷಕರಿಗೆ ಒಪ್ಪಿಗೆಯಾಗದಿದ್ದರೆ ಎಲ್ಲ ತಿದ್ದಿ ಮತ್ತೆ ಬರೆಯಬೇಕು, ಅದಕ್ಕೆ ಇನ್ನೊಂದು ವರ್ಷ. ಆದರೆ ಸ್ಕಾಲರ್‌ಶಿಪ್ಪು ಆ ತಿಂಗಳಿಗೇ ಮುಗಿಯುತ್ತಿತ್ತು. ಹಾಗಾಗಿ ಸೋತರೆ ನಾಲ್ಕು ವರ್ಷದ ಕೆಲಸವನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಇಷ್ಟನ್ನೂ ನಾನು ಚೆನ್ನಾಗಿ ಅರ್ಥ ಮಾಡಿಕೊಂಡೇ ಹೊರಟೆ.

ಮಗನಿಗೆ ಹಸು ಈಯುವ ದಿನ ಹತ್ತಿರವಿತ್ತು. ಸೊಸೆಯಂತೂ ಕೈ ಮುಗಿದುಬಿಟ್ಟಳು. "ದಿಂಬದ ಘಾಟಿ ಮೂರ್ನೇ ತಿರುವಲ್ಲೇ ನನ್ನ ಕರುಳು ಬಾಯ್ಗ ಬತ್ತದ. ಬಸ್ಸಾದ್ರ ಇಳ್ದು ಕುಕ್ಕುರ್‌ಗಾಲಲ್ಲಿ ಕೂತ್ಕಬೋದು. ಆಕಾಸ್ದಲ್ಲಿ ಎಲ್ಲಿ ಇಳೀಲಿ? ನೀವೇ ಓಗ್ಬುಟ್ಟು ಬನ್ನಿ ಅತ್ತೆ" ಅಂದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದಲು ಬರೆಯಲು ಬರುತ್ತದೆ, ತಮಿಳು ಮಾತಾಡಲು ಬರುತ್ತದೆ. ಇಂಗ್ಲಿಷಿನಲ್ಲಿ ಬರುವುದು ಬಸ್ಸು, ಲೈಟು, ಡಾಕ್ಟರು. ಇನ್ನೇನು ಬೇಕು ಎಂದುಕೊಂಡೆ. ರಾಗಿ ಹಿಟ್ಟು, ಹುರುಳಿಕಾಳು, ಮಗನ ಒಂದು ಸ್ವೆಟರು ಗಂಟು ಕಟ್ಟಿದೆ. ಊರಿನವರು ನನ್ನನ್ನು ಕಳಿಸಲು ಬಸ್‌ಸ್ಟಾಪಿಗೆ ಬಂದು, ಬಸ್ಸು ತಡವಾದ್ದರಿಂದ ಅರ್ಧ ಜನ ಬೇಸತ್ತು ಹೊಲಕ್ಕೆ ಹೋದರು. ಅದೇ ನನ್ನ ಬೀಳ್ಕೊಡುಗೆ.

ನಡುವೆ ಒಂದು ನಿಲ್ದಾಣ

ವಿಮಾನದ ಬಗ್ಗೆ ಹೇಳಲು ಏನೂ ಇಲ್ಲ. ಕೂತೆ, ಕೊಟ್ಟದ್ದು ತಿಂದೆ, ಮಲಗಿದೆ. ದಿಂಬದ ಘಾಟಿಯಲ್ಲಿ ಎದುರಿಗೆ ಮರದ ಲಾರಿ ಬಂದಾಗ ಆಗುವ ಹೆದರಿಕೆಯ ಕಾಲು ಭಾಗವೂ ಆಗಲಿಲ್ಲ.

ಹೆದರಿಕೆ ಆದದ್ದು ನೆಲದ ಮೇಲೆ. ವಿಮಾನ ಬದಲಾಯಿಸುವ ಊರಿನಲ್ಲಿ ಮೆಟ್ಟಿಲೇ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಜನ ಅದರ ಮೇಲೆ ಸುಮ್ಮನೆ ನಿಂತು, ದೇವರ ಉತ್ಸವಮೂರ್ತಿಯ ಹಾಗೆ ಅಲುಗಾಡದೆ ಏರಿ ಹೋಗುತ್ತಿದ್ದರು. ನಾನು ಕೆಳಗೆ ಗಂಟು ಹಿಡಿದು ನಿಂತು ಕಾದೆ. ಯಾಕೆ ಕಾದೆ ಅಂತೀರಾ? ಬಸ್ಸು ಮುದುಕರಿಗೆ ನಿಲ್ಲುತ್ತದಲ್ಲ, ಇದೂ ಒಂದು ಗಳಿಗೆ ನಿಂತೀತು ಎಂದು. ನಲವತ್ತು ಐವತ್ತು ಜನ ದಾಟಿ ಹೋದರು. ಅದು ನಿಲ್ಲಲಿಲ್ಲ. ಕೊನೆಗೆ ನನ್ನಷ್ಟೇ ವಯಸ್ಸಿನ ಒಬ್ಬ ಬಿಳಿಯ ಹೆಂಗಸು ಹತ್ತಿರ ಬಂದು, ಏನೂ ಕೇಳದೆ, ನನ್ನ ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, ಅವಳ ಭಾಷೆಯಲ್ಲಿ ಏನೋ ಮೂರು ಎಣಿಸಿದಳು. ಇಬ್ಬರೂ ಒಟ್ಟಿಗೆ ಹಾರಿದೆವು. ಮೇಲೆ ತಲುಪಿದ ಮೇಲೆ ಇಬ್ಬರೂ ಕುಂಟೆಬಿಲ್ಲೆ ಆಡಿ ಗೆದ್ದ ಹುಡುಗಿಯರ ಹಾಗೆ ನಕ್ಕೆವು. ಅವಳ ಹೆಸರು ಗೊತ್ತಿಲ್ಲ, ಯಾವ ದೇಶವೋ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಕೋಪನ್‌ಹೇಗನ್

ರತ್ನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡಾಗ ನನ್ನ ಕೈಗೆ ಸಿಕ್ಕಿದ್ದು ಬರೀ ಮೂಳೆ. ಊಟ ಮಾಡುತ್ತೀಯಾ ಎಂದರೆ "ತಿಂತೀನಿ ಕಣಜ್ಜಿ" ಅನ್ನುತ್ತಾಳೆ. ಕೋಣೆಗೆ ಹೋಗಿ ನೋಡಿದರೆ ಮಂಚದ ಮೇಲೆಲ್ಲ ಕಾಗದ, ಒಲೆಯ ಮೇಲೆಲ್ಲ ಕಾಗದ. ಒಲೆ ಮೇಲೆ ಕಾಗದ ಇಟ್ಟುಕೊಂಡಿರುವವಳು ಏನು ಬೇಯಿಸಿ ತಿಂದಾಳು? ಅವತ್ತೇ ಮುದ್ದೆ ಮಾಡಿ ಹುರುಳಿ ಸಾರು ಬಡಿಸಿದೆ. ಎರಡು ಮುದ್ದೆ ನುಂಗಿ ಕಣ್ಣಲ್ಲಿ ನೀರು ತಂದುಕೊಂಡಳು. ಖಾರಕ್ಕೆ ಅಂದಳು.

ಜೂನ್ ತಿಂಗಳು. ಅಲ್ಲಿ ಆಗ ಬೇಸಿಗೆಯಂತೆ. ನಾನು ಮಗನ ಸ್ವೆಟರಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದೆ, ಅವರು ತೋಳಿಲ್ಲದ ಅಂಗಿ ಹಾಕಿ ಹುಲ್ಲಿನ ಮೇಲೆ ಮಲಗಿದ್ದರು. ಬೆಳಕೋ, ಮುಗಿಯುವುದೇ ಇಲ್ಲ. ರತ್ನ ಗಡಿಯಾರ ತೋರಿಸಿ ಹತ್ತು ಗಂಟೆ ಆಯಿತು ಮಲಗಜ್ಜಿ ಅಂದರೆ, ಆಚೆ ನಮ್ಮಲ್ಲಿ ಹಸು ಹೊಡೆದುಕೊಂಡು ಬರುವ ಹೊತ್ತಿನ ಬೆಳಕು. ಕತ್ತಲೆಯೇ ಬಾರದ ಊರಲ್ಲಿ ಹೊಲ ಕಾಯುವವರು ಎಷ್ಟು ಪುಣ್ಯವಂತರು ಎಂದುಕೊಂಡೆ.

ರಸ್ತೆ ದಾಟುವ ಕಡೆ ಒಂದು ಕೆಂಪು ದೀಪದ ಮನುಷ್ಯನನ್ನು ನಿಲ್ಲಿಸಿದ್ದಾರೆ. ಅವನು ಹಸಿರಾಗುವವರೆಗೆ ಯಾರೂ ಕಾಲಿಡುವುದಿಲ್ಲ. ಈ ಕಡೆ ಕಾರಿಲ್ಲ, ಆ ಕಡೆ ಕಾರಿಲ್ಲ, ನಾಯಿ ಕೂಡ ಇಲ್ಲ. ಹತ್ತು ಜನ ನಿಂತೇ ಇದ್ದಾರೆ. ನಮ್ಮ ತಾಳವಾಡಿ ಪೇಟೆಯಲ್ಲಿ ಇಂಥ ದೀಪ ಹಾಕಿದರೆ ಮೊದಲ ದಿನವೇ ಯಾರಾದರೂ ಅದಕ್ಕೆ ಎಮ್ಮೆ ಕಟ್ಟುತ್ತಾರೆ.

ಬೇಕರಿಯ ಮುಂದೆ

ಎರಡನೇ ದಿನ ರತ್ನ ಕೆಲಸಕ್ಕೆ ಹೋದಾಗ ನಾನು ಬೀದಿಯ ತುದಿಯವರೆಗೆ ಒಬ್ಬಳೇ ನಡೆದೆ. ಅಲ್ಲೊಂದು ಬೇಕರಿ. ಬೇಕರಿಯ ಮುಂದೆ ಗಾಲಿಯ ತೊಟ್ಟಿಲು. ತೊಟ್ಟಿಲಲ್ಲಿ ಕೂಸು. ಸುತ್ತ ಯಾರೂ ಇಲ್ಲ. ಕೂಸು ಒಂದೇ ಸಮನೆ ಅಳುತ್ತಿದೆ, ಜನ ಪಕ್ಕದಲ್ಲೇ ಹೋಗುತ್ತಿದ್ದಾರೆ, ಒಬ್ಬರೂ ತಿರುಗಿ ನೋಡುವುದಿಲ್ಲ. ಯಾರೋ ಪಾಪಿ ಬಿಟ್ಟು ಹೋಗಿದ್ದಾಳೆ ಎಂದುಕೊಂಡೆ. ಎತ್ತಿಕೊಂಡೆ. ಶಾಲಿನಲ್ಲಿ ಸುತ್ತಿದೆ. ನನ್ನ ಮಕ್ಕಳಿಗೆ, ರತ್ನನಿಗೆ ಹಾಡಿದ ಹಾಗೆಯೇ ಜೋಜೋ ಎಂದು ಬೆನ್ನು ತಟ್ಟುತ್ತ ಅಲ್ಲೇ ಅಡ್ಡಾಡಿದೆ. ಕೂಸು ಸುಮ್ಮನಾಗಿ ನನ್ನ ಮೂಗುಬೊಟ್ಟು ಹಿಡಿಯಿತು.

ಬೇಕರಿಯಿಂದ ಒಬ್ಬ ಹೆಂಗಸು ರೊಟ್ಟಿಯ ಚೀಲ ಹಿಡಿದು ಬಂದಳು. ಖಾಲಿ ತೊಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಸುಣ್ಣವಾಯಿತು. ನಾನೂ ಸುಮ್ಮನಿರಲಿಲ್ಲ, ಕೂಸನ್ನು ಬಿಟ್ಟು ಹೋಗುವ ತಾಯಿಗೆ ಏನು ಹೇಳಬೇಕೋ ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವಳೂ ಅವಳ ಭಾಷೆಯಲ್ಲಿ ಹೇಳಿದಳು. ಇಬ್ಬರದೂ ಮುಗಿಯಿತು. ಆಮೇಲೆ ಕೂಸು ಆಕಳಿಸಿತು. ಅವಳಿಗೆ ನಗು ಬಂತು. ಚೀಲದಿಂದ ಒಂದು ಬನ್ನು ತೆಗೆದು ನನ್ನ ಕೈಗಿಟ್ಟು, ಕೂಸನ್ನು ತೆಗೆದುಕೊಂಡು ಮತ್ತೆ ಅದೇ ತೊಟ್ಟಿಲಲ್ಲಿ ಮಲಗಿಸಿದಳು.

ಸಂಜೆ ರತ್ನ ಕೇಳಿ ತಲೆ ಚಚ್ಚಿಕೊಂಡಳು. ಅಲ್ಲಿ ಕೂಸುಗಳನ್ನು ತಣ್ಣನೆ ಗಾಳಿಯಲ್ಲಿ ಆಚೆಯೇ ಮಲಗಿಸುತ್ತಾರಂತೆ, ಹಿಮ ಬಿದ್ದರೂ. ಶ್ವಾಸ ಗಟ್ಟಿಯಾಗುತ್ತದಂತೆ. ಯಾರೂ ಮುಟ್ಟುವುದಿಲ್ಲವಂತೆ. "ಪೋಲೀಸ್ನೋರು ಇಡ್ಕಂಡೋಗಿದ್ರ ನನ್ನ ಪರೀಕ್ಸೆ ಬುಟ್ಟು ನಿನ್ನ ಬುಡಿಸ್ಕಬೇಕಾಗಿತ್ತು" ಅಂದಳು. ಆದರೆ ಬಂದಾಗಿನಿಂದ ಅವಳು ಬಾಯ್ತುಂಬ ನಕ್ಕದ್ದು ಅದೇ ಮೊದಲು. ಆ ನಗುವಿಗೆ ನಾನು ಇನ್ನೂ ನಾಲ್ಕು ಕೂಸು ಎತ್ತಿಕೊಳ್ಳಲು ತಯಾರಿದ್ದೆ.

ರತ್ನನ ಲ್ಯಾಬು

ಪರೀಕ್ಷೆಗೆ ಎರಡು ದಿನ ಇರುವಾಗ ಅವಳು ಕೆಲಸ ಮಾಡುವ ಜಾಗಕ್ಕೆ ಕರೆದುಕೊಂಡು ಹೋದಳು. ಸೀರೆಯ ಮೇಲೆ ನನಗೂ ಒಂದು ಬಿಳಿ ಕೋಟು ತೊಡಿಸಿದರು. ಅವಳ ಪ್ರೊಫೆಸರು ಒಬ್ಬ ಎತ್ತರದ ಹೆಂಗಸು, ಸೈಕಲ್ಲಿನಲ್ಲಿ ಬಂದು ಇಳಿದರು. ರತ್ನ ಅವರನ್ನು ಮುಖದ ಮೇಲೆಯೇ "ಲೀಸ" ಎಂದು ಕರೆದಳು. ನನಗೆ ಕೈ ಎತ್ತಿ ಒಂದು ಕೊಡಬೇಕೆನ್ನಿಸಿತು. ಪಾಠ ಹೇಳಿದವರನ್ನು ಹೆಸರು ಹಿಡಿದು ಕರೆಯುವುದೇ? ಅಲ್ಲಿ ಎಲ್ಲರೂ ಹಾಗೆಯೇ ಅಂತೆ, ಮಂತ್ರಿಯನ್ನೂ ಹಾಗೆಯೇ ಕರೆಯುತ್ತಾರಂತೆ. ಇರಲಿ. ನಾನು ಲೀಸಮ್ಮ ಎಂದೇ ಕರೆದೆ. ಅವರಿಗೆ ಅದು ಹಿಡಿಸಿ, ಇಡೀ ಲ್ಯಾಬಿನವರು ಅವತ್ತಿನಿಂದ ಲೀಸಮ್ಮ ಅನ್ನಲು ಶುರು ಮಾಡಿದರು.

ರತ್ನ ಅಂಗೈಯಗಲದ ಗುಂಡು ತಟ್ಟೆಗಳನ್ನು ತಂದಳು. ಒಳಗೆ ಹೆಪ್ಪುಗಟ್ಟಿದ ಗಂಜಿಯಂಥದ್ದು. ಅದರ ತುಂಬ ನೇರಳೆ ಹಣ್ಣು ಹಿಂಡಿದಂಥ ಬಣ್ಣ. ನಡುವೆ ಒಂದು ಕಾಗದದ ಬಿಲ್ಲೆ, ಅದರ ಸುತ್ತ ಮಾತ್ರ ಬೆಳ್ಳಗೆ ಒಂದು ಬಳೆ.

"ಈ ನೇರಳೆ ಇರಾದೆಲ್ಲ ಬ್ಯಾಕ್ಟೀರಿಯಾ ಕಣಜ್ಜಿ" ಅಂದಳು. "ಕಣ್ಗ ಕಾಣದಷ್ಟು ಸಣ್ಣ ಜೀವ. ಒಂಟಿಯಾಗಿದ್ರ ಏನೂ ಮಾಡದಿಲ್ಲ. ಆದ್ರ ಒಂದೊಂದೂ 'ನಾನಿವ್ನಿ, ನಾನಿವ್ನಿ' ಅಂತ ಒಂದು ರಸ ಬುಡ್ತಾ ಇರ್ತದ. ಸುತ್ತ ಆ ರಸ ಜಾಸ್ತಿ ಆಯ್ತು ಅಂದ್ರ ಓ ನಾವು ಸುಮಾರು ಜನ ಸೇರೀವಿ ಅಂತ ಗೊತ್ತಾಯ್ತದ. ಆಗ ಎಲ್ಲವೂ ಒಂದೇ ಸಲ ಬಣ್ಣ ಬುಡ್ತವ. ಕಾಯಿಲೆ ತರೋವು ಆದ್ರ ಒಂದೇ ಸಲ ಮೈಮೇಲೆ ಬೀಳ್ತವ."

"ಅಟ್ಟಣೇಲಿ ಕೂ ಹಾಕ್ದಂಗ" ಅಂದೆ ನಾನು.

ಅವಳು ತಟ್ಟೆ ಹಿಡಿದವಳು ಹಾಗೆಯೇ ನಿಂತಳು. ಓದುವವರಿಗೆ ಅದೇನೆಂದು ಹೇಳುತ್ತೇನೆ. ನಮ್ಮ ಹೊಲಗಳು ಕಾಡಿನ ಅಂಚಿನಲ್ಲಿವೆ. ರಾಗಿ ತೆನೆ ಕಟ್ಟಿತು ಅಂದರೆ ಆನೆ ಬರುತ್ತದೆ. ಪ್ರತಿ ಹೊಲದಲ್ಲೂ ಮರದ ಮೇಲೆ ಅಟ್ಟಣೆ ಕಟ್ಟಿ ಒಬ್ಬೊಬ್ಬರು ಕಾವಲು ಕೂರುತ್ತಾರೆ. ನನ್ನ ಯಜಮಾನರು ಹಾಸಿಗೆ ಹಿಡಿದ ಮೇಲೆ ಹದಿನಾಲ್ಕು ವರ್ಷ ನಮ್ಮ ಅಟ್ಟಣೆ ಏರಿದವಳು ನಾನೇ. ಆನೆಯ ಸದ್ದು ಕೇಳಿತು ಎಂದು ಒಬ್ಬರೇ ತಗಡು ಬಡಿಯಬಾರದು. ಒಂಟಿ ಸದ್ದಿನ ಕಡೆಗೇ ಅದು ನುಗ್ಗುತ್ತದೆ. ಮೊದಲು ಮೆಲ್ಲಗೆ ಕೂ ಅನ್ನಬೇಕು. ಪಕ್ಕದ ಹೊಲದವರು ಕೂ ಅನ್ನುತ್ತಾರೆ, ಅವರಾಚೆಯವರು ಅನ್ನುತ್ತಾರೆ. ಏಳೆಂಟು ಕೂ ಕೇಳಿತು ಅಂದರೆ ಜನ ಇದ್ದಾರೆ ಎಂದು ಲೆಕ್ಕ. ಆಗ ಎಲ್ಲರೂ ಒಂದೇ ಸಲ ತಗಡು ಬಡಿಯುವುದು. ಇನ್ನೊಂದು ಕಟ್ಟುಪಾಡು: ಕೂಗಿದವರಿಗೆ ಓಗೊಡದೆ ಇರಬಾರದು. ನಿಮ್ಮ ಹೊಲದಲ್ಲಿ ಏನೂ ಇಲ್ಲದಿದ್ದರೂ ಸರಿ, ಅರ್ಧ ನಿದ್ದೆಯಲ್ಲಿದ್ದರೂ ಸರಿ, ಕೂ ಅನ್ನಲೇಬೇಕು.

ರತ್ನ ಮಾಡಿರುವ ಮದ್ದು ಈ ಬ್ಯಾಕ್ಟೀರಿಯಾದ ಕಿವಿಯಲ್ಲಿ ಹೋಗಿ ಕೂತುಕೊಳ್ಳುತ್ತದಂತೆ. ಸಮುದ್ರದಲ್ಲಿ ಒಂದು ಕೆಂಪು ಪಾಚಿ ಇದೆಯಂತೆ, ಅದರ ಮೇಲೆ ಲೋಳೆ ಕಟ್ಟುವುದಿಲ್ಲವಂತೆ, ಅದರೊಳಗಿನ ರಸವನ್ನು ನೋಡಿ ಅದೇ ಅಚ್ಚಿನಲ್ಲಿ ಇವಳು ಕೈಯಾರೆ ನಲವತ್ತೊಂದು ಬಗೆ ಮಾಡಿದ್ದಳು. ಚೆನ್ನಾಗಿ ಕೆಲಸ ಮಾಡಿದ್ದು ಇಪ್ಪತ್ತೇಳನೆಯದು. ದಿಂಬದ ಘಾಟಿಗೂ ಇಪ್ಪತ್ತೇಳೇ ತಿರುವು, ಅಷ್ಟು ಸುತ್ತಿದ ಮೇಲೆಯೇ ಮೇಲೆ ಸೇರುವುದು ಅಂದೆ. ಆ ಬೆಳ್ಳನೆ ಬಳೆಯೊಳಗೆ ಬ್ಯಾಕ್ಟೀರಿಯಾ ಸತ್ತಿಲ್ಲ, ಚೆನ್ನಾಗಿಯೇ ಇವೆ, ಆದರೆ ಒಂದರ ಕೂಗು ಒಂದಕ್ಕೆ ಕೇಳದೆ ತಾನು ಒಂಟಿ ಎಂದುಕೊಂಡು ಸುಮ್ಮನೆ ಕೂತಿವೆ. ಕೊಲ್ಲುವ ಮದ್ದಾದರೆ ಬದುಕಿ ಉಳಿದವು ಗಟ್ಟಿಯಾಗುತ್ತವೆ, ಅದಕ್ಕೇ ಈ ದಾರಿ ಎಂದಳು. ನನ್ನ ಯಜಮಾನರ ಕಾಲಿನ ಹುಣ್ಣಿಗೆ ಮದ್ದು ಮದ್ದು ಎಂದು ಎಷ್ಟು ಸುರಿದೆವೋ, ಅದು ಮಾಯಲಿಲ್ಲ. ರತ್ನ ಆಗ ಎರಡನೇ ಕ್ಲಾಸು. ಬಿಸಿನೀರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅವಳೇ.

ಮದ್ದು ಹಾಕಿದ ಮೊದಲ ದಿನದ ತಟ್ಟೆ ತೋರಿಸಿದಳು, ಎರಡನೇ ದಿನದ್ದು ತೋರಿಸಿದಳು. ಕೆಳಗೆ ಇನ್ನೂ ಒಂದು ಇತ್ತು. "ಅದು ಬ್ಯಾಡ ಬುಡಜ್ಜಿ" ಎಂದು ಎತ್ತಿಟ್ಟಳು.

ಅದು ಏನೆಂದು ನನಗೆ ತಿಳಿದದ್ದು ಆಮೇಲೆ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮೂರನೇ ದಿನ ಆ ಬೆಳ್ಳನೆ ಬಳೆಯೊಳಗೆ ಅಂಚಿನಿಂದ ಮೆಲ್ಲಗೆ ನೇರಳೆ ವಾಪಸು ಬರುತ್ತಿತ್ತು. ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಚ್ಚಿಟ್ಟಿರಲಿಲ್ಲ, ತನ್ನ ಪುಸ್ತಕದಲ್ಲಿ ಬರೆದಿದ್ದಳು, ಆದರೆ ಎಲ್ಲೋ ಕೊನೆಯಲ್ಲಿ ನಾಲ್ಕು ಸಾಲು. ಯಾರಾದರೂ ಅದನ್ನೇ ಹಿಡಿದು ಎಳೆದರೆ ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಅನ್ನಬೇಕಲ್ಲ ಎಂಬುದೇ ಅವಳಿಗೆ ಊಟ ಸೇರದಂತೆ ಮಾಡಿದ್ದು. ಪರೀಕ್ಷಕರಲ್ಲಿ ಒಬ್ಬರು ಜರ್ಮನಿಯಿಂದ ಬರುವ ಬಿಳಿಗಡ್ಡದವರು. ಹಿಂದೊಮ್ಮೆ ಒಬ್ಬ ಹುಡುಗನನ್ನು ತಿದ್ದಿ ಬರೆಯಲು ಕಳಿಸಿದವರು ಅವರೇ ಅಂತೆ.

ಬಸ್ಸು

ವಾಪಸು ಬರುವಾಗ ಬಸ್ಸಿನಲ್ಲಿ ಕೂತೆವು. ನಲವತ್ತು ಜನ ಇದ್ದರು, ಒಂದು ಸೊಲ್ಲಿಲ್ಲ. ನಮ್ಮ ಬಸ್ಸಿನಲ್ಲಿ ತಾಳವಾಡಿಯಲ್ಲಿ ಹತ್ತಿದವರ ಮಗಳಿಗೆ ಗಂಡು ಗೊತ್ತಾದ ಸುದ್ದಿ ದೊಡ್ಡಗಾಜನೂರಿಗೆ ಬರುವಷ್ಟರಲ್ಲಿ ಡ್ರೈವರಿಗೂ ತಿಳಿದು, ಅವನು ಗಂಡಿನ ಕಡೆಯವರ ಗುಣ ಹೇಳುತ್ತಿರುತ್ತಾನೆ. ಇಲ್ಲಿ ಪಕ್ಕದವರ ಮೊಣಕೈ ತಗುಲಿದರೂ ಇಬ್ಬರೂ ಕಿಟಕಿ ನೋಡುತ್ತಾರೆ. ಇವರ ಕಿವಿಗೂ ನಿನ್ನ ಇಪ್ಪತ್ತೇಳನೇ ಮದ್ದು ಬಿಟ್ಟಿದ್ದೀಯಾ ಎಂದು ರತ್ನನನ್ನು ಕೇಳಿದೆ. ಅವಳು ಬಾಯಿಗೆ ಸೆರಗಿಲ್ಲದೆ ಕೈಚೀಲ ಅಡ್ಡ ಹಿಡಿದು ನಕ್ಕಳು. ನಲವತ್ತು ಜನ ಕಿಟಕಿ ನೋಡಿದರು.

ಶುಕ್ರವಾರ

ಮೆಟ್ಟಿಲು ಮೆಟ್ಟಿಲಾಗಿ ಕೂರುವ ದೊಡ್ಡ ಹಾಲು. ಎಪ್ಪತ್ತು ಎಂಬತ್ತು ಜನ. ನನ್ನನ್ನು ಮುಂದಿನ ಸಾಲಿನಲ್ಲಿ ಲೀಸಮ್ಮನ ಪಕ್ಕ ಕೂರಿಸಿದರು. ರತ್ನ ನನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಬೆಳಿಗ್ಗೆ ನಿರಿಗೆ ಹಿಡಿಯುವಾಗ ಎಲ್ಲ ವಿವರಿಸಿದ್ದಳು: ಮೊದಲು ಅವಳು ಮಾತಾಡುತ್ತಾಳೆ, ಆಮೇಲೆ ಪರೀಕ್ಷಕರು ಕೇಳುತ್ತಾರೆ, ಕೊನೆಗೆ ಅಧ್ಯಕ್ಷರು ಸಭೆಯ ಕಡೆ ತಿರುಗಿ ಇಲ್ಲಿ ಯಾರಿಗಾದರೂ ಕೇಳುವುದಿದೆಯಾ ಅನ್ನುತ್ತಾರೆ, ಯಾರೂ ಕೇಳುವುದಿಲ್ಲ, ಅಲ್ಲಿಗೆ ಮುಗಿಯುತ್ತದೆ.

ಅವಳ ಮಾತು ಒಂದೂ ಅರ್ಥವಾಗಲಿಲ್ಲ, ಆದರೆ ಗೋಡೆಯ ಮೇಲೆ ದೀಪದಲ್ಲಿ ಬೀಳುವ ಚಿತ್ರ ನೋಡುತ್ತಿದ್ದೆ. ನೇರಳೆ ತಟ್ಟೆ ಬಂತು, ಕೆಂಪು ಪಾಚಿ ಬಂತು. ಇದ್ದಕ್ಕಿದ್ದಂತೆ ಒಂದು ಮರ ಬಂತು, ಮರದ ಮೇಲೆ ಅಟ್ಟಣೆ, ಅಟ್ಟಣೆಯಲ್ಲಿ ಮೂಗುಬೊಟ್ಟಿನ ಒಬ್ಬ ಮುದುಕಿ. ರಾತ್ರೋರಾತ್ರಿ ಅವಳೇ ಬರೆದದ್ದು. ಏನೋ ಹೇಳಿದಳು, ಇಡೀ ಸಭೆ ನಕ್ಕು ನನ್ನ ಕಡೆ ತಿರುಗಿತು. ನಾನು ಕೈ ಮುಗಿದೆ. ಮೂಗು ಮಾತ್ರ ಸ್ವಲ್ಪ ಉದ್ದ ಬರೆದಿದ್ದಳು.

ಆಮೇಲೆ ಪ್ರಶ್ನೆ. ಒಂದೂವರೆ ಗಂಟೆ. ಬಿಳಿಗಡ್ಡದವರು ಪುಸ್ತಕದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದರು. ಒಂದೊಂದೇ ಚೀಟಿ ತೆಗೆದು ಕೇಳುತ್ತಾರೆ, ಇವಳು ಒಂದೊಂದಕ್ಕೂ ಉತ್ತರ ಹೇಳುತ್ತಾಳೆ. ಕಟ್ಟಕಡೆಯ ಚೀಟಿ ಹೋದಾಗ ರತ್ನನ ಭುಜ ಇಳಿದದ್ದು ನನಗೆ ಕಾಣಿಸಿತು, ತಲೆಹೊರೆ ಇಳಿಸಿದವರ ಭುಜದ ಹಾಗೆ. ಮೂರನೇ ದಿನದ ವಿಷಯ ಯಾರೂ ಎತ್ತಿರಲಿಲ್ಲ.

ಅಧ್ಯಕ್ಷರು ಎದ್ದು ಸಭೆಯನ್ನು ಕೇಳಿದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದರು. ಬಸ್ಸಿನಲ್ಲಿದ್ದ ಅದೇ ಜನ, ಅದೇ ಮೌನ. ಮೂರನೇ ಸಲ ಕೇಳಿದರು. ನನಗೆ ಕೂರಲಾಗಲಿಲ್ಲ. ಒಬ್ಬರು ಮೂರು ಸಲ ಕೂಗಿದರೂ ಓಗೊಡದೆ ಕೂರುವುದು ನನ್ನ ಮೈಗೆ ಆಗದ ಮಾತು. ಸುಮ್ಮನೆ ಕೂ ಅನ್ನಲು ಎದ್ದವಳಲ್ಲ, ಲ್ಯಾಬಿನಿಂದ ಬಂದಾಗಿನಿಂದ ನನ್ನ ತಲೆಯಲ್ಲಿ ನಿಜವಾಗಿಯೂ ಒಂದು ಪ್ರಶ್ನೆ ಇತ್ತು.

"ರತ್ನಿ, ನಾನೊಂದು ಕೇಳ್ತೀನಿ ಕಣಮ್ಮಿ" ಅಂದೆ. "ಗಾಳಿ ಎದುರಾದ್ರ ನಮ್ಮ ಕೂಗು ಪಕ್ಕದೊಲಕ ಕೇಳದಿಲ್ಲ. ಅದ್ಕ ಸುಮ್ಕಾಗ್ತೀವಾ? ಇನ್ನೂ ಜೋರಾಗಿ ಕೂಗ್ತೀವಿ. ನೀನು ಕಿವಿ ಮುಚ್ಚುದ್ರ ಇವೂ ಇನ್ನೂ ಜೋರಾಗಿ ಕೂಗದಿಲ್ವ?"

ರತ್ನನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಸಭೆಯೆಲ್ಲ ಅವಳನ್ನು ನೋಡುತ್ತಿದೆ, ಅಜ್ಜಿ ಏನು ಕೇಳಿದಳು ಎಂದು. ಆ ಹಾಲಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅಜ್ಜಿ ಎಲ್ಲರಿಗೂ ಒಳ್ಳೆಯದಾಗಲಿ ಅಂದಳು ಎಂದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಿದ್ದರು. ಅವರಿಗೂ ಗೊತ್ತಾಗುತ್ತಿರಲಿಲ್ಲ, ಇಂಗ್ಲಿಷು ಬಾರದ ನನಗೂ ಗೊತ್ತಾಗುತ್ತಿರಲಿಲ್ಲ. ನಾನೇನೋ ದಡ್ಡ ಮಾತು ಕೇಳಿ ಮೊಮ್ಮಗಳ ಮಾನ ಕಳೆದೆ ಎಂದು ಮೆಲ್ಲಗೆ ಕೂರಲು ಹೋದೆ.

"ಕೂತ್ಕಬ್ಯಾಡ ಅಜ್ಜಿ. ನಿಂತಿರು. ಯೋಳ್ತೀನಿ" ಅಂದಳು.

ಸಭೆಯ ಕಡೆ ತಿರುಗಿ ಹೇಳತೊಡಗಿದಳು. ಅವಳು ನನ್ನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು ಎಂದು ನನಗೆ ಹೇಗೆ ಗೊತ್ತಾಯಿತು ಅಂತೀರಾ? ಕೈಯಲ್ಲಿ ಗಾಳಿ ಬೀಸಿ ತೋರಿಸಿದಳು. ಎರಡು ಅಂಗೈ ಬಾಯಿಗೆ ಕೊಟ್ಟು, ಆ ದೊಡ್ಡ ದೊಡ್ಡ ಪಂಡಿತರ ಮುಂದೆ, ನಮ್ಮ ಜೀರಹಳ್ಳಿಯಲ್ಲಿ ಹ್ಯಾಗೋ ಹಾಗೆಯೇ ಕೂ ಎಂದು ಕೂಗಿದಳು.

ಬಿಳಿಗಡ್ಡದವರು ಮುಚ್ಚಿದ್ದ ಪುಸ್ತಕ ಮತ್ತೆ ತೆರೆದರು. ರತ್ನ ಅವರು ಕೇಳುವವರೆಗೆ ಕಾಯಲಿಲ್ಲ. ಚಿತ್ರಗಳ ಕಟ್ಟಿನ ತಳದಿಂದ ಒಂದನ್ನು ಎಳೆದು ಗೋಡೆಯ ಮೇಲೆ ಬೀಳಿಸಿದಳು. ಬಳೆಯೊಳಗೆಲ್ಲ ನೇರಳೆ. ಅವಳು ಹೇಳಿದ್ದು ಇಷ್ಟೇ ಅಂತೆ: ಮೂರನೇ ದಿನ ಬಣ್ಣ ವಾಪಸು ಬರುತ್ತಿದೆ. ಯಾಕೆ ಎಂದು ನನಗೆ ಗೊತ್ತಿಲ್ಲ. ಅಜ್ಜಿ ಕೇಳಿದ ಹಾಗೆ ಜೋರಾಗಿ ಕೂಗುತ್ತಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಆದರೆ ಎಷ್ಟು ಜೋರು ಎಂದು ಅಳೆಯಬಹುದು, ಹೀಗೆ ಅಳೆಯಬಹುದು. ಹೇಳುತ್ತಲೇ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆದಳು. ಬಿಳಿಗಡ್ಡದವರು ಎದ್ದು ಬಂದು ಅವಳು ಬರೆದದ್ದರ ಅರ್ಧ ಒರೆಸಿ ಬೇರೆ ಬರೆದರು. ಅವಳು ಅದನ್ನು ಒರೆಸಿ ಮತ್ತೆ ತನ್ನದನ್ನೇ ಬರೆದಳು. ಹಿಂದಿನ ಸಾಲಿನಿಂದ ಒಬ್ಬರು ಏನೋ ಕೇಳಿದರು. ಬಾಗಿಲ ಹತ್ತಿರ ಕೂತಿದ್ದ ಹುಡುಗಿ ಒಬ್ಬಳು ಕೇಳಿದಳು. ಇನ್ನಿಬ್ಬರು ಎದ್ದರು. ಸ್ವಲ್ಪ ಹೊತ್ತಿಗೆ ಆ ಮೂಕ ಬಸ್ಸಿನ ಜನವೆಲ್ಲ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ನನಗೆ ಸಂತೆಗೆ ಬಂದಷ್ಟು ಹಾಯೆನಿಸಿತು.

ಬಾಗಿಲ ಆಚೆ

ಪರೀಕ್ಷಕರು ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಆಚೆ ಬೆಂಚಿನ ಮೇಲೆ. ಆಗ ರತ್ನ ಮೂರನೇ ದಿನದ ಕಥೆಯನ್ನೆಲ್ಲ ಹೇಳಿದಳು. ಎಲ್ಲರೂ ಬಿಟ್ಟ ಪ್ರಶ್ನೆಯನ್ನು, ಏಳು ಸಮುದ್ರ ದಾಟಿ ಬಂದು ನಾನೇ ಕೇಳಿದ್ದೆ.

"ನೀನು ಬ್ಯಾರೆ ಏನಾರ ಯೋಳ್ಬೋದಾಗಿತ್ತಲ್ಲ ಅಮ್ಮಿ. ಯಾರ್ಗ ಗೊತ್ತಾಯ್ತಿತ್ತು?"

"ಯಾರ್ಗೂ ಗೊತ್ತಾಯ್ತಿರ್ನಿಲ್ಲ" ಅಂದಳು. "ನಿಂಗೂ ಗೊತ್ತಾಯ್ತಿರ್ನಿಲ್ಲ. ಅದ್ಕೇ ಆಗ್ನಿಲ್ಲ. ಸಂದ್ಯಾಕ ನೀ ಮಾಡಿದ ಮುದ್ದೆ ನಾನು ಎಂಗ ನುಂಗ್ಲಿ?"

ಹದಿನೈದು ನಿಮಿಷ ಅಂದಿದ್ದವರು ಅರ್ಧ ಗಂಟೆ ಮಾಡಿದರು. ಲೀಸಮ್ಮ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದರು. ನಾನು ಮಾದಪ್ಪನನ್ನು ನೆನೆದೆ, ರಂಗಪ್ಪನನ್ನೂ ನೆನೆದೆ. ಬೇರೆ ದೇಶವಲ್ಲವೇ, ಯಾರಿಗೆ ಪುರಸೊತ್ತಿರುತ್ತದೋ ಅವರು ಬರಲಿ ಎಂದು. ಬಾಗಿಲು ತೆರೆಯಿತು. ಅಧ್ಯಕ್ಷರು ಒಂದು ಕಾಗದ ಹಿಡಿದು ಓದಿದರು. ಓದುತ್ತಿರುವಾಗಲೇ ಲೀಸಮ್ಮ ರತ್ನನನ್ನು ನೆಲದಿಂದ ಎತ್ತಿಬಿಟ್ಟರು. ನಾನು ಯಾರನ್ನೂ ಕೇಳಲಿಲ್ಲ, ಆ ಎತ್ತುವಿಕೆಯೇ ನನಗೆ ಕನ್ನಡದಲ್ಲಿ ಹೇಳಿತು. ನನ್ನ ಮೊಮ್ಮಗಳು ಡಾಕ್ಟರಾದಳು. ನಾನು ಅತ್ತೆ, ನಕ್ಕೆ, ಸಿಕ್ಕಿದವರ ಕೈಯೆಲ್ಲ ಕುಲುಕಿದೆ. ಕಸ ಗುಡಿಸಲು ಬಂದಿದ್ದ ಮನುಷ್ಯನ ಕೈಯನ್ನೂ ಕುಲುಕಿದೆ, ಅವನೂ ಖುಷಿಯಾಗಿ ಕುಲುಕಿದ.

ಅಲ್ಲಿಯವರು ಸಂತೋಷವಾದರೆ ಕೇಕಿನ ಮೇಲೆ ತಮ್ಮ ದೇಶದ ಬಾವುಟಗಳನ್ನು ನೆಡುತ್ತಾರೆ, ಕಡ್ಡಿಗೆ ಅಂಟಿಸಿದ ಪುಟ್ಟ ಪುಟ್ಟ ಕಾಗದದ ಬಾವುಟ. ಅಂಥ ಕೇಕೊಂದು ಬಂತು. ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಬಿಳಿಗಡ್ಡದವರು ನನ್ನ ಹತ್ತಿರ ಬಂದು ಬಗ್ಗಿ, ರತ್ನನ ಮೂಲಕ ಒಂದು ಮಾತು ಕೇಳಿದರು. ಗಾಳಿ ಎದುರಾಗಿದೆ, ಜೋರಾಗಿ ಕೂಗಿದಿರಿ, ಆಗಲೂ ಕೇಳಿಸಲಿಲ್ಲ, ಆಗ ಏನು ಮಾಡುತ್ತೀರಿ?

"ಬೆಂಕಿ ಆಕ್ತೀವಿ" ಅಂದೆ. "ಕಿವೀಗ ಕೇಳ್ದೆ ಇದ್ರ ಕಣ್ಗ ಕಾಣ್ತದಲ್ಲ."

ರತ್ನ ನನ್ನ ಕಡೆ ತಿರುಗಿದಳು. "ಇದ್ನೂ ಯೋಳ್ಬೇಕಾ ಅಜ್ಜಿ? ಅವಕ್ಕ ಇನ್ನೊಂದು ಬಾಸೆ ಅದ ಅಂತ ಆದ್ರ ನಾನು ಇನ್ನೂ ನಲ್ವತ್ತೊಂದು ಮದ್ದು ಮಾಡ್ಬೇಕಾಯ್ತದ."

"ಯೋಳಮ್ಮಿ" ಅಂದೆ.

ಹೇಳಿದಳು. ಬಿಳಿಗಡ್ಡದವರು ಜೇಬು ತಡಕಿದರು, ಪೆನ್ನು ಸಿಕ್ಕಿತು, ಕಾಗದ ಸಿಗಲಿಲ್ಲ. ಕೈ ಒರೆಸುವ ಕಾಗದವನ್ನೇ ಮೇಜಿನ ಮೇಲೆ ಬಿಡಿಸಿ ಗೀಚಲು ಕೂತರು. ಡಾಕ್ಟರು ರತ್ನ ಒಂದು ನಿಮಿಷ ನಿಂತು ನೋಡಿದಳು, ಹಾಗಲ್ಲ ಎಂದು ತಲೆಯಾಡಿಸಿದಳು, ತನ್ನ ಕೇಕಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅವರ ಪಕ್ಕ ಕುರ್ಚಿ ಎಳೆದುಕೊಂಡು ಪೆನ್ನು ಕಿತ್ತುಕೊಂಡಳು. ಅವರಿಬ್ಬರೂ ಅಲ್ಲಿಂದ ಏಳುವ ಹಾಗೆ ಕಾಣಲಿಲ್ಲ. ನಾನು ಅವಳ ಪಾಲಿನ ಕೇಕನ್ನೂ ತಿಂದೆ.